ಟೈಲರಿಂಗ್ ಅಂಗಡಿಗೆ ಗೂಗಲ್ ಕ್ಯಾಲೆಂಡರ್: ಹಾಸನದಲ್ಲಿ ಮೂರು ವರ್ಷ ಬಳಸಿದ ಮೇಲೆ

ಬಳಸಿದ್ದು: ಗೂಗಲ್ ಕ್ಯಾಲೆಂಡರಿನ ಉಚಿತ ಆವೃತ್ತಿ, ಎರಡು ಆಂಡ್ರಾಯ್ಡ್ ಫೋನು, ಒಂದು ಹಳೇ ಲ್ಯಾಪ್‌ಟಾಪು.
ಅಂಗಡಿ: ಹಾಸನ ಪೇಟೆಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿಗೆ. ಒಬ್ಬ ಕಟಿಂಗ್ ಮಾಸ್ಟರ್, ಹೊಲಿಯುವವರು ಇಬ್ಬರು, ಗಲ್ಲಾದಲ್ಲಿ ಒಬ್ಬರು.
ಖರ್ಚು: ಸೊನ್ನೆ. ಅಂಕ: 5ಕ್ಕೆ 4.

ಕ್ಯಾಲೆಂಡರ್ ಆಪ್ ಅಂದ ಕೂಡಲೇ ಗಂಟೆ ಬಾರಿಸಿ ನೆನಪು ಮಾಡುವ ಸಾಧನ ಅಂತ ಎಲ್ಲರೂ ತಿಳಿಯುತ್ತಾರೆ. ಸಣ್ಣ ಅಂಗಡಿಯವರಿಗೆ ಆ ಗಂಟೆಯಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಗಿರಾಕಿ ಕೌಂಟರಿನ ಮುಂದೆ ನಿಂತು "ಅಣ್ಣಾ, ಶುಕ್ರವಾರಕ್ಕೆ ಆಗುತ್ತಾ?" ಎಂದು ಕೇಳಿದಾಗ, "ಆಗುತ್ತೆ ಬನ್ನಿ ಅಕ್ಕ" ಎನ್ನುವ ಮುಂಚೆ ಒಮ್ಮೆ ಕಣ್ಣಾಡಿಸಲು ಒಂದು ಪುಟ ಬೇಕು. ಅದಕ್ಕಾಗಿ ಹೊಂದಿಸಿಕೊಂಡರೆ ಈ ಆಪ್ ಬಹಳ ಒಳ್ಳೆಯದು. ಬರೀ ನೆನಪಿಗಾದರೆ ಗೋಡೆ ಕ್ಯಾಲೆಂಡರೇ ವಾಸಿ.

ಆಪ್ ತೆರೆಯುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಆಗಬೇಕು. ಕೈ ಕುದುರಿದ ಹೊಲಿಗೆಯವರಿಗೆ ಒಂದು ಲೈನಿಂಗ್ ಬ್ಲೌಸಿಗೆ ಎರಡು ಗಂಟೆ ಹಿಡಿಯುತ್ತದೆ. ಊಟ, ಕಾಫಿ, ಕರೆಂಟು ಹೋಗಿಬರುವ ಹೊತ್ತು ಕಳೆದರೆ ದಿನಕ್ಕೆ ತಲಾ ನಾಲ್ಕು ಬ್ಲೌಸು. ಇಬ್ಬರಿಗೆ ಎಂಟು, ಆರು ದಿನಕ್ಕೆ 48. ಈ 48ನ್ನೂ ಒಪ್ಪಿಕೊಂಡ ವಾರ ಬುಧವಾರಕ್ಕೇ ಕೆಟ್ಟು ಹೋಗುತ್ತದೆ. ಆಲ್ಟರೇಷನ್, ಫಾಲ್-ಪೀಕೋ, ತೋಳು ಬಿಗಿಯಾಯಿತೆಂದು ವಾಪಸ್ ಬಂದ ಬ್ಲೌಸು, ಜ್ವರ ಬಂದು ಮನೆಯಲ್ಲಿ ಉಳಿದ ಹೊಲಿಗೆಯವರು, ನಾಳೆಯೇ ನಿಶ್ಚಿತಾರ್ಥ ಎಂದು ಓಡಿ ಬರುವವರು, ಇದ್ಯಾವುದೂ ಬಿಲ್ ಬುಕ್ಕಿನಲ್ಲಿ ಮುಂಚೆ ಕಾಣುವುದಿಲ್ಲ. ಆದ್ದರಿಂದ ದಿನಕ್ಕೆ ಆರು, ವಾರಕ್ಕೆ 36. ಉಳಿದ ಕಾಲುಭಾಗವನ್ನು ಖಾಲಿ ಬಿಟ್ಟರೂ ಅದು ಖಾಲಿ ಉಳಿಯುವುದಿಲ್ಲ.

ಈಗ ಆಪಿಗೆ ಬರೋಣ. ಸೋಮವಾರದಿಂದ ಶನಿವಾರದವರೆಗೆ ಪ್ರತಿದಿನಕ್ಕೂ 'ಆಲ್ ಡೇ' ಎಂದು, ವಾರವಾರ ರಿಪೀಟ್ ಆಗುವ ಒಂದು ನಮೂದು, ತಲೆಬರಹ "0/6 ಹೊಲಿಗೆ". ಸಂಖ್ಯೆ ಮೊದಲೇ ಇರಬೇಕು. ಫೋನಿನ ತಿಂಗಳ ನೋಟದಲ್ಲಿ ತಲೆಬರಹದ ಮೊದಲ ನಾಲ್ಕೈದು ಅಕ್ಷರ ಮಾತ್ರ ಕಾಣುತ್ತದೆ; "ಹೊಲಿಗೆ 4/6" ಎಂದು ಬರೆದರೆ ಎಲ್ಲ ದಿನವೂ "ಹೊಲಿ" ಅಂತಲೇ ತೋರುತ್ತದೆ. ಆರ್ಡರ್ ಬಂದಾಗ ಆ ದಿನವನ್ನು ತೆರೆದು 0 ಇದ್ದದ್ದನ್ನು 1 ಮಾಡಿ, ಕೆಳಗಿನ ವಿವರಣೆಯಲ್ಲಿ ಬಿಲ್ ನಂಬರ್ ಸೇರಿಸಬೇಕು: "412 ಲೈನಿಂಗ್, ನೆಟ್ ತೋಳು". ಗಿರಾಕಿಯ ಹೆಸರು, ಫೋನ್ ನಂಬರ್ ಬೇಡ. ಅದು ಬಿಲ್ ಬುಕ್ಕಿನಲ್ಲಿದೆ, ಅಳತೆ ಪುಸ್ತಕ ಬೇರೆ ಇದೆ. 6/6 ಆದ ದಿನದ ಬಣ್ಣ ಕೆಂಪಿಗೆ ಬದಲಾಯಿಸಿದರೆ ಗಲ್ಲಾದಲ್ಲಿ ಯಾರೇ ಕೂತಿರಲಿ, ಆ ದಿನಕ್ಕೆ ಮಾತು ಕೊಡುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವಾರವಾರ ರಿಪೀಟ್ ಆಗುವ ನಮೂದನ್ನು ತಿದ್ದಿ ಸೇವ್ ಒತ್ತಿದಾಗ ಆಪ್ ಕೇಳುತ್ತದೆ: 'ದಿಸ್ ಇವೆಂಟ್', 'ದಿಸ್ ಆಂಡ್ ಫಾಲೋಯಿಂಗ್ ಇವೆಂಟ್ಸ್', 'ಆಲ್ ಇವೆಂಟ್ಸ್'. ಅವಸರದಲ್ಲಿ ಎರಡನೆಯದನ್ನೋ ಮೂರನೆಯದನ್ನೋ ಒತ್ತಿದರೆ, ಒಂದೂ ಆರ್ಡರ್ ಇಲ್ಲದ ಮುಂದಿನ ದಿನಗಳೂ "4/6" ಎಂದು ತೋರಿಸುತ್ತವೆ. ಸುಳ್ಳು ಎಣಿಕೆ ನಂಬಿ, ಬಂದ ಗಿರಾಕಿಯನ್ನು ವಾಪಸ್ ಕಳಿಸಿದ ಹಾಗಾಗುತ್ತದೆ. ರಿಪೀಟಿಗೆ ಕೊನೆ ದಿನಾಂಕ ಹಾಕಿ ಎಂಟು ವಾರಕ್ಕೆ ಸೀಮಿತ ಮಾಡಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಅಳಿಸಿ ಹೋದ ನಮೂದನ್ನು 30 ದಿನದೊಳಗೆ ಲ್ಯಾಪ್‌ಟಾಪಿನಲ್ಲಿ 'ಟ್ರ್ಯಾಶ್' ತೆರೆದು ವಾಪಸ್ ತರಬಹುದು. ಹೀಗೆ ತಿದ್ದಿ ಕೆಟ್ಟದ್ದು ಮಾತ್ರ ಅಲ್ಲಿ ಸಿಗುವುದಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು: ಎಣಿಕೆಯನ್ನು ಡೆಲಿವರಿ ದಿನದ ಮೇಲೆ ಬರೆಯುವುದು. ಬರೆಯಬೇಕಾದದ್ದು ಹೊಲಿಗೆ ದಿನದ ಮೇಲೆ. ಲೈನಿಂಗ್ ಬಟ್ಟೆ ನೀರಲ್ಲಿ ನೆನೆಸಿ ಒಣಗಿಸಲು ಒಂದು ದಿನ (ನೆನೆಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಒಳಬಟ್ಟೆ ಎಳೆದುಕೊಂಡು ಮೇಲಿನದು ಸುಕ್ಕುಗಟ್ಟುತ್ತದೆ), ಮಾರನೆಯ ದಿನ ಕಟಿಂಗ್ ಮತ್ತು ಹೊಲಿಗೆ, ಆಮೇಲೆ ಹುಕ್ಕು-ಹೆಮ್ಮಿಂಗ್ ಮನೆಯಲ್ಲಿ ಮಾಡಿಕೊಡುವವರ ಹತ್ತಿರ ಹೋಗಿಬರಲು ಒಂದು ದಿನ. ಅಂದರೆ ಹೊಲಿಗೆ ದಿನಕ್ಕೆ ಎರಡು ಕೂಡಿಸಿದರೆ ಡೆಲಿವರಿ. ಶುಕ್ರವಾರ ಬೇಕು ಎಂದವರಿಗೆ ನೋಡಬೇಕಾದದ್ದು ಬುಧವಾರದ ಎಣಿಕೆ. ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆ ಹಿಡಿದುಕೊಂಡಾಗ, ಲೈನಿಂಗ್ ಒಂದೇ ದಿನಕ್ಕೆ ಒಣಗುವುದಿಲ್ಲ. ಸಕಲೇಶಪುರದ ಕಡೆಯ ಅಂಗಡಿಗಳವರು ಎರಡು ದಿನ ಹಿಡಿಯುವುದೇ ಸರಿ. ಆರಿ ಕೆಲಸದ (ಕೈಕಸೂತಿಯ) ಬ್ಲೌಸಿಗೆ ಈ ಲೆಕ್ಕ ನಡೆಯದು. ಅದಕ್ಕೆ ಬೇರೆ ನಮೂದು, ಬೇರೆ ವಾಯಿದೆ.

ದಿನದೊಳಗೆ ಗಂಟೆ ಹಂಚಿಕೆಯಲ್ಲಿ ಬಿಗಿಯಾಗಿ ಕಾಯಬೇಕಾದದ್ದು ಒಂದೇ: ಕಟಿಂಗ್ ಹೊತ್ತು. ಬ್ಲೌಸಿಗೆ 20 ನಿಮಿಷದಂತೆ ಆರಕ್ಕೆ ಎರಡು ಗಂಟೆ. 8:30ರಿಂದ 10:30, ಅಂದರೆ ಪೇಟೆಗೆ ಬಸ್ಸು ಇಳಿದ ಜನ ಅಂಗಡಿಗೆ ಬರುವ ಮುಂಚೆ. ಕಟಿಂಗ್ ನಡುವೆ ಮೂರು ಸಲ ಅಳತೆ ತೆಗೆಯಲು ಎದ್ದರೆ ಕತ್ತರಿ ತಪ್ಪುತ್ತದೆ, ಕೆಟ್ಟ ಬಟ್ಟೆ ಗಿರಾಕಿಯದು. ಹೊಲಿಗೆಗೆಲ್ಲ ಗಂಟೆಗಂಟೆ ಚೌಕ ಹಾಕಿ ಬಣ್ಣ ಬಳಿಯುವುದು ನೋಡಲು ಚಂದ, ಎರಡನೇ ವಾರಕ್ಕೆ ಯಾರೂ ಅದನ್ನು ತಿದ್ದುವುದಿಲ್ಲ.

ಶನಿವಾರ ಬಾಗಿಲು ಎಳೆಯುವ ಮುಂಚೆ 25 ನಿಮಿಷ ವಾರ ಹೊಂದಿಸಲು ಬೇಕು. ಮುಗಿಯದೆ ಉಳಿದ ಬಿಲ್ ನಂಬರುಗಳನ್ನು ಸೋಮವಾರಕ್ಕೆ ಸರಿಸಿ ಅಲ್ಲಿನ ಎಣಿಕೆ ಹೆಚ್ಚಿಸುವುದು ಮೊದಲು. ಆಮೇಲೆ ವಾಟ್ಸಾಪಿನಲ್ಲಿ ಬಂದು ಅಲ್ಲೇ ಕೂತ ಆರ್ಡರುಗಳು. ನಂತರ ದಾರ, ಹುಕ್ಕು, ಲೈನಿಂಗ್ ಬಣ್ಣಗಳ ದಾಸ್ತಾನು ನೋಡಿ ತರುವ ದಿನ ಗುರುತಿಸುವುದು. ಸಂತೆ ದಿನ ಮಧ್ಯಾಹ್ನದ ಮೇಲೆ ಅಳತೆ ಕೊಡುವವರ ನೂಕು ಇರುತ್ತದೆ, ಆ ದಿನದ ಮಿತಿಯನ್ನು ನಾಲ್ಕಕ್ಕೆ ಇಳಿಸಬೇಕು.

ಈ ಆಪಿನ ದೊಡ್ಡ ಕೊರತೆ ಹಾಸನದವರಿಗೆ ಅಶ್ವಯುಜ ಮಾಸದಲ್ಲಿ ಕಾಣುತ್ತದೆ. ರಿಪೀಟ್ ವ್ಯವಸ್ಥೆಗೆ ಇಂಗ್ಲಿಷ್ ತಾರೀಖು ಗೊತ್ತು, ತಿಥಿ ಗೊತ್ತಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವುದು ಅಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ಮುಚ್ಚುವುದು ಬಲಿಪಾಡ್ಯಮಿಯ ನಂತರ. 2023ರಲ್ಲಿ ಅದು ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. 'ವರ್ಷಕ್ಕೊಮ್ಮೆ' ಎಂದು ರಿಪೀಟ್ ಕೊಟ್ಟವರ ಲೆಕ್ಕ ಎರಡೇ ವರ್ಷದಲ್ಲಿ ಮೂರು ವಾರಕ್ಕೂ ಮೀರಿ ತಪ್ಪಿತು. ದೇವಸ್ಥಾನದ ಸುತ್ತ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿದಾಗ ಹಳ್ಳಿ ಕಡೆಯ ಗಿರಾಕಿಗಳು ಪೇಟೆಗೆ ಬರಲು ಹಿಂಜರಿಯುತ್ತಾರೆ, ಆಗಲೇ ದೀಪಾವಳಿ ಹೊಲಿಗೆಯ ಒತ್ತಡವೂ ಇರುತ್ತದೆ. ಆ ಹದಿನೈದು ದಿನದ ಡೆಲಿವರಿಗಳನ್ನು ಬಾಗಿಲು ತೆರೆಯುವ ಮುಂಚೆಯೇ ಮುಗಿಸುವ ಹಾಗೆ ಎಣಿಕೆ ಹಂಚಬೇಕು.

ಪರಿಹಾರ ಹಳೆಯದೇ. ಯುಗಾದಿಗೆ ಒಂಟಿಕೊಪ್ಪಲ್ ಪಂಚಾಂಗವೋ ಮನೆಯಲ್ಲಿ ನಂಬುವ ಬೇರೆ ಪಂಚಾಂಗವೋ ಬಂದ ವಾರ, ಅರ್ಧ ಗಂಟೆ ಕೂತು ಆಷಾಢದ ಮೊದಲ-ಕೊನೆ ದಿನ, ವರಮಹಾಲಕ್ಷ್ಮಿ, ಗೌರಿ-ಗಣೇಶ, ಹಾಸನಾಂಬೆ, ದೀಪಾವಳಿಯನ್ನು ಕೈಯಿಂದ ತುಂಬುವುದು. ಮದುವೆ ಮುಹೂರ್ತದ ದಿನಗಳನ್ನು ತುಂಬಿದರೆ ಇನ್ನೂ ಒಳ್ಳೆಯದು. ಒಂದೇ ದಿನ ಮೂರು ಮದುವೆಯ ಬ್ಲೌಸು ಕೂಡಿಬೀಳುವುದು ತಿಂಗಳ ಮುಂಚೆಯೇ ಕಾಣುತ್ತದೆ. ಮದುವೆಗಳಿಲ್ಲದ ಆಷಾಢದಲ್ಲಿ ಮಿಷನ್ ಸರ್ವಿಸ್, ಮೋಟಾರ್ ಬೆಲ್ಟ್ ಬದಲಾವಣೆ, ಅಳತೆ ಪುಸ್ತಕ ಹೊಸದು ಮಾಡುವುದು ಇಟ್ಟುಕೊಳ್ಳಬಹುದು.

ತಾರೀಖು ಗಟ್ಟಿಯಾಗಿರುವ ದುಡ್ಡಿನ ಕೆಲಸಗಳಿಗೆ ಮಾತ್ರ ಇದರ ರಿಪೀಟ್ ಅಚ್ಚುಕಟ್ಟು. ಜಿಎಸ್‌ಟಿ ಮಾಸಿಕ ಸಲ್ಲಿಕೆಯವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ಕ್ಕೆ, 3ಬಿ (ತೆರಿಗೆ ಲೆಕ್ಕ) 20ಕ್ಕೆ. ತ್ರೈಮಾಸಿಕ ಆರಿಸಿಕೊಂಡವರಿಗೆ ಅವೇ ಎರಡು ಕರ್ನಾಟಕದಲ್ಲಿ 13 ಮತ್ತು 22ಕ್ಕೆ, ನಡುವಿನ ತಿಂಗಳುಗಳ ತೆರಿಗೆ ಕಟ್ಟಲು 25. ಕಾಂಪೊಸಿಷನ್‌ನವರಿಗೆ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವವರು) ತೆರಿಗೆ ಕಟ್ಟುವ ಸಿಎಂಪಿ-08 ಫಾರಂಗೆ ತ್ರೈಮಾಸಿಕ ಮುಗಿದ ಮೇಲಿನ ತಿಂಗಳ 18. ಕ್ಯಾಲೆಂಡರಿನಲ್ಲಿ ಇವನ್ನೇ ಬರೆದರೆ ಉಪಯೋಗವಿಲ್ಲ. ಕೊನೆಯ ದಿನ ಪೋರ್ಟಲ್ ನಿಧಾನ, ಆಡಿಟರ್ ಫೋನ್ ಎತ್ತುವುದಿಲ್ಲ. "ಬಿಲ್ಲುಗಳು ಆಡಿಟರ್‌ಗೆ" ಎಂದು 5ನೇ ತಾರೀಖಿಗೆ ಬರೆಯಬೇಕು. ತಡವಾದರೆ 3ಬಿಗೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಾದರೆ 20. ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ 18 ಬಡ್ಡಿ ಬೇರೆ.

ರಿಪೀಟಿನಲ್ಲಿ ಎಡವುವ ಜಾಗ ಇನ್ನೆರಡಿವೆ. ಅಂಗಡಿ ಬಾಡಿಗೆಯನ್ನು 31ಕ್ಕೆ 'ಮಾಸಿಕ' ಎಂದು ಇಟ್ಟರೆ 30 ದಿನದ ತಿಂಗಳುಗಳಲ್ಲಿ ಅದು ಬರುವುದೇ ಇಲ್ಲ, ಆಪ್ ಆ ತಿಂಗಳನ್ನು ಹಾರಿಸಿಬಿಡುತ್ತದೆ. 1ಕ್ಕೋ 28ಕ್ಕೋ ಇಡಿ. ಬ್ಯಾಂಕ್ ರಜೆಗೆ ಎರಡನೇ ಶನಿವಾರ ಸಲೀಸು. ನಾಲ್ಕನೇ ಶನಿವಾರ ಇಡುವಾಗ, ನಾಲ್ಕೇ ಶನಿವಾರವಿರುವ ತಿಂಗಳಲ್ಲಿ 'ನಾಲ್ಕನೇ' ಮತ್ತು 'ಕೊನೆಯ' ಎಂಬ ಎರಡೂ ಆಯ್ಕೆ ಎದುರಾಗುತ್ತವೆ. 'ಕೊನೆಯ' ಒತ್ತಿದರೆ ಐದು ಶನಿವಾರದ ತಿಂಗಳಲ್ಲಿ, ಬ್ಯಾಂಕ್ ತೆರೆದಿರುವ ದಿನವೇ ರಜೆ ಎಂದು ತೋರಿಸುತ್ತದೆ.

ಗಲ್ಲಾದವರಿಗೆ ತೋರಿಸಲು ಎರಡು ಕ್ಯಾಲೆಂಡರ್ ಬೇರೆ ಬೇರೆ ಮಾಡಿ: "ಅಂಗಡಿ" ಮತ್ತು "ದುಡ್ಡು". ಈ ಕೆಲಸವನ್ನು ಒಮ್ಮೆ ಲ್ಯಾಪ್‌ಟಾಪಿನಲ್ಲಿ ಮಾಡಿಕೊಳ್ಳುವುದು ಸುಲಭ. "ಅಂಗಡಿ"ಯನ್ನು ಮಾತ್ರ ಹಂಚಿ, ಅನುಮತಿ 'ಮೇಕ್ ಚೇಂಜಸ್ ಟು ಇವೆಂಟ್ಸ್' ಸಾಕು. ಅದರ ಮೇಲಿನ ಅನುಮತಿ ಕೊಟ್ಟರೆ ಅವರು ಬೇರೆಯವರಿಗೂ ಹಂಚಬಹುದು. 'ಟಾಸ್ಕ್' ಎಂಬುದೂ ಇದೆ, ಟಿಕ್ ಮಾಡುವ ತನಕ ಬಾಕಿ ಎಂದು ಉಳಿಯುವ ಗುಣ ಅದರದು. ಬಾಕಿ ವಸೂಲಿಗೆ ಚೆನ್ನಾಗಿದೆ, ಆದರೆ ಕ್ಯಾಲೆಂಡರ್ ಹಂಚಿದರೂ ಟಾಸ್ಕ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಗಲ್ಲಾದವರು ಮಾಡಬೇಕಾದ ಕೆಲಸವನ್ನು ಟಾಸ್ಕಿನಲ್ಲಿ ಬರೆದು, ಆಗಲಿಲ್ಲವೆಂದು ಅವರ ಮೇಲೆ ರೇಗುವುದು ತಪ್ಪು.

ನೆಟ್ ಇಲ್ಲದಾಗಲೂ ಆಪ್ ತೆರೆಯುತ್ತದೆ, ಬರೆದದ್ದನ್ನು ಇಟ್ಟುಕೊಳ್ಳುತ್ತದೆ. ಆದರೆ ಒಂದು ಫೋನಿನಲ್ಲಿ 5/6 ಇದ್ದಾಗ ಇನ್ನೊಂದರಲ್ಲಿ ಇನ್ನೂ 4/6 ಇರಬಹುದು. ಸಿಗ್ನಲ್ ಹೋದಾಗ ಒಬ್ಬರೇ ಆರ್ಡರ್ ಬರೆದುಕೊಳ್ಳುವುದು, ಅದೂ ಬಿಲ್ ಬುಕ್ಕಿನಲ್ಲಿ, ಎಂಬ ನಿಯಮ ಬೇಕು. ನೋಟಿಫಿಕೇಷನ್ ಬರುತ್ತಿಲ್ಲವೆಂದರೆ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಕ್ಯಾಲೆಂಡರನ್ನು ತೆಗೆದು ನೋಡಿ, ಬಹುಪಾಲು ಅಲ್ಲೇ ತಡೆ ಇರುತ್ತದೆ.

ಒಂದು ಅಂಕ ಕಳೆದದ್ದು ಎಣಿಕೆಯನ್ನು ಕೈಯಿಂದಲೇ ಮಾಡಬೇಕು ಎಂಬ ಕಾರಣಕ್ಕೆ. ಆರನೆಯದರ ಮೇಲೆ ಏಳನೆಯದನ್ನು ಬರೆದರೆ ಆಪ್ ತಡೆಯುವುದಿಲ್ಲ. ದಿನಕ್ಕೆ ಎರಡೋ ಮೂರೋ ಬ್ಲೌಸು ಒಬ್ಬರೇ ಹೊಲಿಯುವ ಮನೆಯಂಗಡಿಗೆ ಇಷ್ಟೆಲ್ಲ ಬೇಕಿಲ್ಲ, ಗೆರೆ ಹಾಕಿದ ಒಂದು ನೋಟ್‌ಬುಕ್ ಸಾಕು. ಇಬ್ಬರು ಹೊಲಿಯುವವರಿದ್ದು, ಆರ್ಡರ್ ಬರೆದುಕೊಳ್ಳುವವರು ಮೂರನೆಯವರಾದರೆ ಇದನ್ನು ಹಾಕಿಕೊಳ್ಳಿ. ಶುರು ಮಾಡಲು ಆಷಾಢ ಒಳ್ಳೆಯ ಹೊತ್ತು, ಶ್ರಾವಣದ ನೂಕು ಹತ್ತುವಷ್ಟರಲ್ಲಿ ಕೈಗೆ ಹತ್ತಿರುತ್ತದೆ.