ಕಾರು ಒಂದು ಇಂಚು ಏರಿತು, ಬ್ಯಾಟರಿಗೆ ಗುದ್ದು ಬಿತ್ತು

ನನ್ನ ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಲ್ಲಿ ಈಗ ಅಂಗೈ ಅಗಲದ ಒಂದು ಗುಳಿ ಇದೆ. ಕಲ್ಲು ತಾಗಿ ಆದದ್ದಲ್ಲ. ಕಲ್ಲು ತಾಗಬಾರದು ಅಂತ ಕಾರು ಎತ್ತರ ಮಾಡಿಸಲು ಹೋದಾಗ ಆದದ್ದು. ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ಇಟ್ಟುಕೊಂಡು ಸಸ್ಪೆನ್ಶನ್ (ಚಕ್ರದ ಮೇಲೆ ಕಾರನ್ನು ಹೊರುವ ಸ್ಪ್ರಿಂಗು, ಶಾಕಬ್ಸರ್) ಬದಲಿಸುವ ಯೋಚನೆಯಲ್ಲಿ ಇರುವವರು ಮೊದಲು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ.

ನಮ್ಮ ಮನೆಗೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಬಂದು ಒಳಗೆ ತಿರುಗಬೇಕು. ಟಾರು ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ತೋಟದ ಮನೆಯವರಿಗೆ ಈ ದಾರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಜಾಡು ಇಳಿದಿರುತ್ತದೆ, ನಡುವೆ ಹುಲ್ಲು ಬೆಳೆದ ದಿಬ್ಬ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಜಾಡು ಇನ್ನೂ ಇಳಿಯುತ್ತದೆ, ದಿಬ್ಬ ಹಾಗೇ ನಿಲ್ಲುತ್ತದೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ಆ ದಿಬ್ಬ ಪರಪರ ಅಂತ ಉಜ್ಜಿದರೂ ನಾನು ತಲೆ ಕೆಡಿಸಿಕೊಂಡವನಲ್ಲ. ಈಗ ಹಾಗಲ್ಲ. ಕೂತ ಜಾಗದ ಕೆಳಗೇ ಬ್ಯಾಟರಿ. ಹುಲ್ಲು ಸವರಿದರೂ ನನ್ನ ಹೊಟ್ಟೆಗೇ ಸವರಿದ ಹಾಗೆ ಆಗುತ್ತದೆ.

ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಒಂದು ಚೀಲ ಚಾಲಿ ಅಡಿಕೆ ಹಾಕಿದ ದಿನ ಟೇಪು ಹಿಡಿದು ಅಳೆದೆ. ಖಾಲಿ ಕಾರಿಗಿಂತ ಹಿಂಬದಿ ಮೂರೂವರೆ ಸೆಂಟಿಮೀಟರ್ ಕೆಳಗಿತ್ತು. ಇದರ ಜೊತೆ ಮುಂದಿನ ಎಡ ಚಕ್ರದ ಕಡೆಯಿಂದ ಹೊಂಡಕ್ಕೆ ಇಳಿದಾಗೆಲ್ಲ ಕಟ್ ಕಟ್ ಸದ್ದು. ಎಂಜಿನ್ ಸದ್ದೇ ಇಲ್ಲದ ಕಾರು ನೋಡಿ, ಇಂಥ ಸಣ್ಣ ಸದ್ದೂ ಡೋಲು ಬಡಿದ ಹಾಗೆ ಕೇಳುತ್ತದೆ. ಸಸ್ಪೆನ್ಶನ್ ಸತ್ತಿದೆ ಅಂತ ನಾನೇ ತೀರ್ಮಾನ ಮಾಡಿದೆ. ಇದು ನನ್ನ ಮೊದಲ ತಪ್ಪು. ಕಾರಿಗೆ ಆಗಿನ್ನೂ ವಾರಂಟಿ ಇತ್ತು.

ಸರ್ವಿಸ್ ಸೆಂಟರ್ ಬಿಟ್ಟು ನಾನು ಹೋದ ಅಂಗಡಿಯ ಹೆಸರಾಗಲಿ, ಊರಾಗಲಿ ಬರೆಯುವುದಿಲ್ಲ. ಆ ಅಂಗಡಿಯವನೊಬ್ಬನೇ ಹೀಗೆ ಅಂತ ನನಗೆ ಅನ್ನಿಸುವುದಿಲ್ಲ. ಜೀಪು, ಬೊಲೆರೊ ಕೆಲಸದಲ್ಲಿ ಕೈ ಪಳಗಿದವನು, ಮಾತೂ ಚಂದ. "ಇದು ಎಲೆಕ್ಟ್ರಿಕ್, ಭಾರ ಬೇರೆ ಇದೆ" ಅಂದೆ. "ಪೆಟ್ರೋಲ್ ಆದ್ರೇನು, ಕರೆಂಟ್ ಆದ್ರೇನು ಸರ್, ಚಕ್ರ ನಾಲ್ಕೇ ಅಲ್ವಾ?" ಅಂದ. ನನಗೂ ನಗು ಬಂತು. ನಗುತ್ತಾ ಕೀ ಕೊಟ್ಟೆ.

ಮುಂದಕ್ಕೆ ಹೆವಿ ಡ್ಯೂಟಿ ಸ್ಪ್ರಿಂಗು, ಹಿಂದಕ್ಕೆ ಸ್ಪ್ರಿಂಗಿನ ಸುರುಳಿಯ ನಡುವೆ ತೂರಿಸುವ ರಬ್ಬರಿನಂಥ ಬಫರು. ಕೂಲಿ ಸೇರಿ 24,500 ರೂಪಾಯಿ. ಶಾಕಬ್ಸರ್ ಹಳೆಯದೇ ಇರಲಿ, ಹೊಸದರಂತೆಯೇ ಇದೆ ಅಂದ. ನಾನು ಎದುರಿನ ಹೋಟೆಲಿನಲ್ಲಿ ಬನ್ಸ್ ತಿಂದು, ಚಾ ಕುಡಿದು, ಪೇಪರ್ ಓದಿ ಬರುವಷ್ಟರಲ್ಲಿ ಕೆಲಸ ಅರ್ಧ ಮುಗಿದಿತ್ತು. ಆ ಬನ್ಸಿಗೆ ತೆತ್ತ ಬೆಲೆ ಈಗ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ.

ಮೊದಲ ವಾರ ಖುಷಿಯೋ ಖುಷಿ. ಕಾರು ಇಂಚು ಇಂಚೂವರೆ ಎತ್ತರ ನಿಂತಿತ್ತು. ದಿಬ್ಬ ಎಲ್ಲೂ ತಾಗಲಿಲ್ಲ. ಅಕ್ಕಪಕ್ಕದವರಿಗೆಲ್ಲ ತೋರಿಸಿದೆ. ಒಬ್ಬರಿಗೆ ಅದೇ ಅಂಗಡಿಯ ನಂಬರನ್ನೂ ಕೊಟ್ಟೆ. ಅವರು ಹೋಗಲಿಲ್ಲ, ಪುಣ್ಯ.

ಎರಡನೇ ವಾರದಿಂದ ಒಂದೊಂದೇ ಶುರುವಾಯಿತು. ಖಾಲಿ ಕಾರಿನಲ್ಲಿ ಹೋದರೆ ಹಿಂಬದಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಬಫರು ಇಟ್ಟರೆ ಆ ಜಾಗದ ಸುರುಳಿ ಕೆಲಸ ಮಾಡುವುದಿಲ್ಲ, ಸ್ಪ್ರಿಂಗು ಗಿಡ್ಡ ಆದ ಹಾಗೆ, ಅಷ್ಟೇ ಗಡುಸು. ಸ್ಪ್ರಿಂಗು ಗಡುಸಾದರೆ ಅದು ಹಿಂದೆ ಚಿಮ್ಮುವ ಜೋರೂ ಜಾಸ್ತಿ. ಆ ಚಿಮ್ಮುವುದನ್ನು ಹಿಡಿಯಬೇಕಾದ್ದು ಶಾಕಬ್ಸರ್. ಅದು ಮಾತ್ರ ಹಳೆಯ ಸ್ಪ್ರಿಂಗಿನ ಲೆಕ್ಕಕ್ಕೆ ಮಾಡಿದ್ದು. ಎಳೆ ಕರುವಿನ ಹಗ್ಗದಲ್ಲಿ ಹೋರಿ ಕಟ್ಟಿದ ಹಾಗೆ.

ಮುಂಬದಿಯದು ಇನ್ನೊಂದು ಕಥೆ. ಆ ಸ್ಪ್ರಿಂಗು ಇದೇ ಹೆಸರಿನ ಪೆಟ್ರೋಲ್ ಕಾರಿನದು ಅಂತ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಮೂತಿಯ ಮೇಲೆ ಕೂತಿರುತ್ತದೆ, ಹಿಂದೆ ಹಗುರ. ನನ್ನದರಲ್ಲಿ ಭಾರ ನಡುವಿಗೆ, ಹಿಂದಕ್ಕೆ ಹಂಚಿಹೋಗಿದೆ. ಒಟ್ಟು ತೂಕವೂ ಅದಕ್ಕಿಂತ ಇನ್ನೂರು ಕೆಜಿಯ ಹತ್ತಿರ ಜಾಸ್ತಿ. ಹಾಗಾಗಿ ಒಂದರ ಸ್ಪ್ರಿಂಗು ಇನ್ನೊಂದಕ್ಕೆ ಕೂತರೂ ಹೊಂದುವುದಿಲ್ಲ. ಉದ್ದದ ಸ್ಪ್ರಿಂಗು ಹಾಕಿ, ಹಳೆಯ ಶಾಕಬ್ಸರನ್ನೇ ಉಳಿಸಿದರೆ ಇನ್ನೊಂದು ತೊಂದರೆ ಇದೆ. ಕಾರು ಎತ್ತರ ನಿಂತಾಗಲೇ ಶಾಕಬ್ಸರ್ ಬಹುಪಾಲು ಹಿಗ್ಗಿ ನಿಂತಿರುತ್ತದೆ. ಚಕ್ರ ಹೊಂಡಕ್ಕೆ ಇಳಿಯುವಾಗ ಕೆಳಗೆ ಚಾಚಲು ಜಾಗ ಉಳಿದಿರುವುದಿಲ್ಲ. ಕೊನೆ ಮುಟ್ಟಿ ಟಪ್ ಅನ್ನುತ್ತದೆ, ಚಕ್ರ ಗಾಳಿಯಲ್ಲಿ ಉಳಿಯುತ್ತದೆ.

ಚಕ್ರ ಗಾಳಿಯಲ್ಲಿ ಉಳಿದರೆ ಏನಾಗುತ್ತದೆ ಅಂತ ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ನೋಡಿದೆ. ಆಗಸ್ಟ್ ತಿಂಗಳು. ಹೆಂಡತಿಯ ತವರು ಕುಮಟಾದಲ್ಲಿ, ಮಗಳನ್ನೂ ಕರೆದುಕೊಂಡು ಇಳಿಯುತ್ತಿದ್ದೆವು. ಜಿಟಿಜಿಟಿ ಮಳೆ, ಮಂಜು. ಆ ರಸ್ತೆ ಅಗಲ ಮಾಡುವ ಕೆಲಸ ಹಿಡಿದಾಗಿನಿಂದ ಒಂದಷ್ಟು ದೂರ ಕಾಂಕ್ರೀಟು, ಒಂದಷ್ಟು ದೂರ ಕಿತ್ತುಹೋದ ಟಾರು. ಇಳಿಜಾರಿನಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುವವರ ಅಭ್ಯಾಸ ಗೊತ್ತಲ್ಲ, ಬ್ರೇಕ್ ಮುಟ್ಟುವುದೇ ಕಡಿಮೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಎಳೆದು ಹಿಡಿಯುತ್ತದೆ, ಬ್ಯಾಟರಿಗೂ ಒಂದಿಷ್ಟು ಚಾರ್ಜ್. ಹೀಗೆ ಮೋಟಾರೇ ಬ್ರೇಕ್ ಆಗುವುದಕ್ಕೆ ರೀಜನ್ ಅನ್ನುತ್ತಾರೆ, ಅದಿಲ್ಲದೆ ಘಟ್ಟ ಇಳಿಯುವುದು ನನಗೆ ಮರೆತೇ ಹೋಗಿತ್ತು.

ನನ್ನ ಕಾರಿನಲ್ಲಿ ರೀಜನ್ ಹಿಡಿತ ಇರುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಅವು ನೆಲ ಬಿಟ್ಟು ಜಾರಿದ್ದು ಗೊತ್ತಾದ ತಕ್ಷಣ ಕಂಪ್ಯೂಟರ್ ಹಿಡಿತ ಸಡಿಲಿಸುತ್ತದೆ. ಕಾಂಕ್ರೀಟು ಮುಗಿದು ಕಡಿ ಎದ್ದ ಟಾರು ಶುರುವಾಗುವ ಒಂದು ತಿರುವು. ಮುಂದಿನ ಚಕ್ರ ಟಪ್ ಟಪ್ ಟಪ್ ಅಂತ ಹಾರಿತು, ರೀಜನ್ ಬಿಟ್ಟಿತು. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಕಾರು ಮುಂದಕ್ಕೆ ನುಗ್ಗಿತು. ಎದುರಿನಿಂದ ಲಾರಿ ಮೇಲೆ ಬರುತ್ತಿತ್ತು. ಬ್ರೇಕ್ ಒತ್ತಿದೆ, ಎಬಿಎಸ್ ಗರಗರ ಅಂದಿತು, ಕಾರು ನಿಂತಿತು. ಲಾರಿಯ ಬಂಪರ್‌ಗೂ ನನ್ನ ಕನ್ನಡಿಗೂ ನಡುವೆ ಒಂದು ಮೊಳ ಇರಲಿಲ್ಲ. ಲಾರಿಯವನು ಇಳಿದು ಬಯ್ಯಲಿಲ್ಲ, ಸುಮ್ನೆ ನೋಡಿದ. ಬೈದಿದ್ದರೇ ಸಮಾಧಾನ ಆಗುತ್ತಿತ್ತು. ಘಟ್ಟದ ಕೆಳಗಿನ ಕತಗಾಲ ಬರುವ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಹಾಗಂತ ನಾನು ಮರುದಿನವೇ ಸ್ಪ್ರಿಂಗು ತೆಗೆಸಿದೆ ಅಂದುಕೊಳ್ಳಬೇಡಿ. ದುಡ್ಡು ಕೊಟ್ಟಿದ್ದೆನಲ್ಲ! ರಸ್ತೆಗೆ ಬೈದುಕೊಂಡು ಇನ್ನೂ ಎರಡು ತಿಂಗಳು ಓಡಿಸಿದೆ. ಅಷ್ಟರಲ್ಲಿ ಫುಲ್ ಚಾರ್ಜಿಗೆ 190 ಕಿಲೋಮೀಟರ್ ಬರುತ್ತಿದ್ದದ್ದು 165ಕ್ಕೆ ಇಳಿಯಿತು. ಮಳೆಗಾಲ ಅಂತ ಸಮಾಧಾನ ಮಾಡಿಕೊಂಡೆ. ಒಂದು ದಿನ ಶಿರಸಿಯ ಬಿಡಕಿಬೈಲಿನ ಹತ್ತಿರ ಕಾರು ನಿಲ್ಲಿಸಿದಾಗ ಪರಿಚಯದವರೊಬ್ಬರು ಬಗ್ಗಿ, "ಟೈರಿನ ಒಳಮಗ್ಗುಲು ನೋಡಿ" ಅಂದರು. ಹೊರಗಿನಿಂದ ಟೈರು ಹೊಸದರಂತಿತ್ತು. ಒಳಗಿನ ಅಂಚು ಬೋಳು, ಒಂದು ಕಡೆ ನೂಲು ಕಾಣುತ್ತಿತ್ತು. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ. ಅಲೈನ್‌ಮೆಂಟ್ ಅದೇ ದಿನ ಆಗಬೇಕಿತ್ತು. ಅಂಗಡಿಯವನು "ಸ್ವಲ್ಪ ಓಡಿ ಸೆಟ್ ಆಗ್ಲಿ ಸರ್" ಅಂದಿದ್ದ, ನಾನು ಮರೆತಿದ್ದೆ. ವಕ್ರ ನಿಂತ ಚಕ್ರ ಉರುಳುವುದಕ್ಕಿಂತ ಉಜ್ಜುವುದೇ ಜಾಸ್ತಿ. ರೇಂಜ್ ಹೋದದ್ದು ಮಳೆಗಲ್ಲ.

ಆಗ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಕಾರು ಲಿಫ್ಟಿನ ಮೇಲೆ ಏರಿತು. ಹುಡುಗ ಟಾರ್ಚ್ ಬಿಟ್ಟು ನೋಡಿ, ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ಕೊನೆಗೆ ನನ್ನನ್ನು ಕರೆದರು.

"ಇಲ್ಲಿ ಯಾರು ಜಾಕ್ ಹಾಕಿದ್ದು?"

ಬ್ಯಾಟರಿ ಪ್ಯಾಕಿನ ತಳದ ಲೋಹದ ತಟ್ಟೆ ಒಳಗೆ ಒತ್ತಿಹೋಗಿತ್ತು. ಟ್ರಾಲಿ ಜಾಕಿನ ಗುಂಡನೆಯ ತಲೆಯ ಅಚ್ಚು, ಸುತ್ತ ಇದ್ದ ಹಲ್ಲುಗಳ ಗುರುತು ಸಮೇತ. ಬನ್ಸ್ ತಿನ್ನಲು ಹೋದಾಗ ಆದ ಕೆಲಸ. ಪೆಟ್ರೋಲ್ ಕಾರಾಗಿದ್ದರೆ ನಡುವೆ ಗಟ್ಟಿ ಜಾಗ ಹುಡುಕಿ ಎತ್ತುವುದು ಅವರ ರೂಢಿ. ಎಲೆಕ್ಟ್ರಿಕ್ ಕಾರಿನ ನಡುವೆ ಗಟ್ಟಿ ಕಾಣುವುದೆಲ್ಲ ಬ್ಯಾಟರಿ. ಜಾಕ್ ಹಾಕಬೇಕಾದ್ದು ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಕಂಪನಿ ಗುರುತು ಮಾಡಿದ ನಾಲ್ಕು ಕಡೆ. ಕಾರಿನ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ನಾನು ಆ ಪುಸ್ತಕ ತೆರೆದದ್ದು ಗುಳಿ ಬಿದ್ದ ಮೇಲೆ.

ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಹೊರಗಿನಿಂದ ಪೆಟ್ಟು ಬಿದ್ದು ಆದ ಹಾನಿಗೆ ಅದು ಅನ್ವಯಿಸುವುದಿಲ್ಲ. ಫೋಟೋ ತೆಗೆದು ಜಾಬ್ ಕಾರ್ಡಿನಲ್ಲಿ ಬರೆದರು. ಬ್ಯಾಟರಿಯ ಕರೆಂಟು ಬಾಡಿಗೆ ಸೋರುತ್ತದೆಯೇ ಅಂತ ಇನ್ಸುಲೇಶನ್ ಪರೀಕ್ಷೆ ಮಾಡಿದರು, ಸದ್ಯಕ್ಕೆ ಸರಿ ಇದೆ. ಒಳಗೆ ಸೆಲ್ಲುಗಳಿಗೆ ಏನಾದರೂ ಆಗಿದೆಯೇ ಅಂತ ನೋಡಬೇಕಾದರೆ ಪ್ಯಾಕ್ ಇಳಿಸಿ ಬಿಚ್ಚಬೇಕು. ಅದರ ಖರ್ಚು ಕೇಳಿ ನಾನು ಬೇಡ ಅಂದೆ. ಮುಂದೆ ಬ್ಯಾಟರಿ ಏನಾದರೂ ತಕರಾರು ತೆಗೆದರೆ, ಮೊದಲು ಕಾಣುವುದು ಈ ಫೋಟೋವೇ.

ಇನ್ನೂ ಎರಡು ಸಿಕ್ಕವು. ಮುಂದಿನ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ತೋಳಿನ, ರಬ್ಬರ್ ಬುಷ್ ಹರಿದಿದ್ದವು. ಇದರ ಗುಟ್ಟು ಸಣ್ಣದು, ಆದರೆ ಹೆಚ್ಚಿನ ಗ್ಯಾರೇಜಿನವರು ಪಾಲಿಸುವುದಿಲ್ಲ. ಆ ಬೋಲ್ಟಿನ ಕೊನೆಯ ಬಿಗಿ ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಆಗಬೇಕು. ಚಕ್ರ ಜೋತುಬಿದ್ದಾಗಲೇ ಬಿಗಿ ಮಾಡಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಕೆಲವು ತಿಂಗಳಲ್ಲಿ ಹರಿಯುತ್ತದೆ.

ಇನ್ನೊಂದು ಆ ಹಳೆಯ ಕಟ್ ಕಟ್ ಸದ್ದು. ಅದು ಸ್ಟ್ರಟ್ಟಿನ (ಮುಂದಿನ ಸ್ಪ್ರಿಂಗು, ಶಾಕಬ್ಸರ್ ಕೂಡಿದ ಜೋಡಣೆ) ಮೇಲ್ತುದಿಯನ್ನು ಬಾಡಿಗೆ ಹಿಡಿದಿಡುವ ಮೌಂಟಿನದು. ಮೊದಲೇ ತಂದಿದ್ದರೆ ವಾರಂಟಿಯಲ್ಲಿ ಪುಕ್ಕಟೆ ಬದಲಿಸುತ್ತಿದ್ದರಂತೆ. ಈಗ ಬೇರೆ ಸ್ಪ್ರಿಂಗು ಹಾಕಿದ್ದರಿಂದ ಅದೂ ಇಲ್ಲ. ನನ್ನ ಹಳೆಯ ಸ್ಪ್ರಿಂಗು ಕೇಳಿ ಅಂಗಡಿಗೆ ಫೋನ್ ಮಾಡಿದೆ. ಗುಜರಿಗೆ ಹೋಯಿತಂತೆ. ಕಂಪನಿಯದೇ ಹೊಸ ಸ್ಪ್ರಿಂಗು, ಮೌಂಟು, ಬುಷ್, ಎರಡು ಟೈರು, ಅಲೈನ್‌ಮೆಂಟ್ ಎಲ್ಲ ಸೇರಿ 38,000 ದಾಟಿತು. ಗುಳಿಯ ವಿಷಯ ಎತ್ತಿದಾಗ ಅಂಗಡಿಯವನು "ನಮ್ಮಲ್ಲಿ ಆಗಿದ್ದು ಅಂತ ಏನು ಗ್ಯಾರಂಟಿ?" ಅಂದ. ನನ್ನ ಹತ್ತಿರ ಮೊದಲಿನ ಫೋಟೋ ಇರಲಿಲ್ಲ. ಬಿಲ್ಲಿನಲ್ಲೂ "ಸ್ಪ್ರಿಂಗ್ ವರ್ಕ್" ಅಂತ ಎರಡೇ ಪದ.

ನೀವು ಮಾಡಿಸಲೇಬೇಕು ಅಂತಿದ್ದರೆ ನಿಮ್ಮದೇ ಎಲೆಕ್ಟ್ರಿಕ್ ಮಾಡೆಲ್ಲಿಗೆ ಅಂತ ಬರೆದಿರುವ, ಶಾಕಬ್ಸರ್ ಜೋಡಿಯಾಗಿ ಬರುವ ಸೆಟ್ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ವಾಪಸ್ ಬನ್ನಿ. ಸಿಕ್ಕಿದರೆ ಸರ್ವಿಸ್ ಸೆಂಟರಿಗೂ, ವಿಮೆಯವರಿಗೂ ಮೊದಲೇ ತಿಳಿಸಿ. ಕಾರಿನ ತಳದ ಫೋಟೋ ತೆಗೆದುಕೊಳ್ಳಿ. ಜಾಕ್ ಹಾಕುವಾಗ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ನೋಡಿ, ಅವರಿಗೆ ಸಿಟ್ಟು ಬಂದರೂ ಪರವಾಗಿಲ್ಲ. ತೆಗೆದ ಸಾಮಾನು ಡಿಕ್ಕಿಗೆ ಹಾಕಿಸಿಕೊಂಡೇ ಹೊರಡಿ.

ನಾನೀಗ ಬಾಗಿಲ ಪಕ್ಕದ ಸ್ಟಿಕರಿನಲ್ಲಿ ತುಂಬಿದ ಕಾರಿಗೆ ಬರೆದಷ್ಟು ಗಾಳಿ ಇಡುತ್ತೇನೆ. ಮೊದಲು ಅದಕ್ಕಿಂತ ಆರು ಪಿಎಸ್‌ಐ ಕಡಿಮೆ ಇಟ್ಟು ಓಡಿಸುತ್ತಿದ್ದೆ. ಚಾಲಿ ಚೀಲ ಇದ್ದ ದಿನ ಹಿಂದೆ ಮೂವರು ಕೂರುವುದಿಲ್ಲ. ದೀಪಾವಳಿ ಕಳೆದ ಮೇಲೆ ಮಣ್ಣು ದಾರಿಯ ಜಾಡಿಗೆ ಎರಡು ಲೋಡು ಚಿರೆಕಲ್ಲಿನ ಚೂರು ಹಾಕಿಸಿ ಗುದ್ದಿಸಿದೆ. ದಿಬ್ಬವನ್ನು ಕೆಲಸದವನೊಬ್ಬ ಒಂದೂವರೆ ದಿನದಲ್ಲಿ ಗುದ್ದಲಿಯಿಂದ ಕೆತ್ತಿದ. ಎಲ್ಲ ಸೇರಿ 7,000 ರೂಪಾಯಿ. ಪಕ್ಕದ ಎರಡು ಮನೆಯವರು ಪಾಲು ಕೊಟ್ಟರು.

ಹೆವಿ ಡ್ಯೂಟಿ ಸ್ಪ್ರಿಂಗು ಎರಡೂ ಕೊಟ್ಟಿಗೆಯ ಮೂಲೆಯಲ್ಲಿವೆ. ಮೊನ್ನೆ ಒಬ್ಬರು ಅರ್ಧ ಬೆಲೆಗೆ ಕೇಳಿದರು. ಯಾವ ಕಾರಿಗೆ ಅಂತ ಕೇಳಿದೆ. ಎಲೆಕ್ಟ್ರಿಕ್ ಅಂದರು. ಕೊಡಲಿಲ್ಲ.