ಲಿಂಕ್ ಹೆಕ್ಕುವುದಕ್ಕೆ ಬ್ಯೂಟಿಫುಲ್ ಸೂಪ್ ಸಾಕೇ?

ಕಾಫಿ ಬೆಲೆಪಟ್ಟಿಯ ಪಿಡಿಎಫ್‌ಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ ಇಳಿಸಿಕೊಳ್ಳುವ ಬೆಳೆಗಾರರಿಗೆ, ಹೋಂಸ್ಟೇ ಜಾಲತಾಣದಲ್ಲಿ ಸತ್ತ ಲಿಂಕ್ ಹುಡುಕುವವರಿಗೆ ವೆಬ್‌ಪುಟ ಓದಿ ಬೇಕಾದ್ದನ್ನು ಹೆಕ್ಕಿಕೊಡುವ ಪೈಥಾನ್‌ನ ಬ್ಯೂಟಿಫುಲ್ ಸೂಪ್ ಲೈಬ್ರರಿ ಧಾರಾಳವಾಗಿ ಸಾಕು. 2004ರಿಂದ ಬಳಕೆಯಲ್ಲಿದೆ, ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್‌ನಲ್ಲಿ ಹಾಕಿಕೊಳ್ಳುವಾಗ beautifulsoup4 ಎಂಬ ಹೆಸರಿನ ಕೊನೆಯ 4 ಬಿಡಬೇಡಿ. ಬಿಟ್ಟರೆ ಪೈಥಾನ್ 3ರಲ್ಲಿ ನಡೆಯದ ಹಳೇ ಆವೃತ್ತಿಗೆ ಕೈ ಹಾಕಿದಂತೆ. ಪುಟ ತರಲು ರಿಕ್ವೆಸ್ಟ್ಸ್ ಎಂಬ ಇನ್ನೊಂದು ಲೈಬ್ರರಿ, ಲಿಂಕ್ ಹೆಕ್ಕಲು ಸೂಪ್‌ನ ಫೈಂಡ್‌_ಆಲ್. ಲಿಂಕ್ ಸೂಚಿಸುವ 'ಎ' ಟ್ಯಾಗ್ ಜೊತೆ, ವಿಳಾಸ ಇರಲೇಬೇಕೆಂದು ಹೇಳುವ 'ಎಚ್‌ರೆಫ್=ಟ್ರೂ' ಎಂದೂ ಕೊಡಿ, ಇಲ್ಲವಾದರೆ ವಿಳಾಸವಿಲ್ಲದ ಟ್ಯಾಗ್ ಸಿಕ್ಕ ಕೂಡಲೇ ಕೀಎರರ್ ಎಂಬ ದೋಷ ಬಂದು ನಿಲ್ಲುತ್ತದೆ. ಮುಚ್ಚದ ಟ್ಯಾಗ್, ಅಡ್ಡಾದಿಡ್ಡಿ ಟೇಬಲ್ ಇರುವ ಪುಟವನ್ನೂ ಗೊಣಗದೆ ಓದುವುದೇ ಇದರ ದೊಡ್ಡ ಗುಣ. ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬರೆದು ಒದ್ದಾಡುವ ಅಗತ್ಯವೇ ಇಲ್ಲ.

ತಲೆನೋವು ಶುರುವಾಗುವುದು ಆಮೇಲೆ. ಸಿಕ್ಕ ಲಿಂಕ್‌ಗಳಲ್ಲಿ ಅನೇಕವು ಅರ್ಧಂಬರ್ಧ, ಡೊಮೇನ್ ಇಲ್ಲದವು. ಅವನ್ನು ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಜಾಯ್ನ್‌ನಿಂದ ಪೂರ್ತಿ ಮಾಡಬೇಕು. ಆಧಾರವಾಗಿ ನೀವು ಟೈಪ್ ಮಾಡಿದ ವಿಳಾಸ ಬೇಡ, ರಿಕ್ವೆಸ್ಟ್ಸ್ ತಂದ ಉತ್ತರದ, ಅಂದರೆ ರೆಸ್ಪಾನ್ಸ್‌ನ ಯುಆರ್‌ಎಲ್ ಕೊಡಿ. ರೀಡೈರೆಕ್ಟ್ ಆಗಿ (ಸರ್ವರ್ ಬೇರೆ ವಿಳಾಸಕ್ಕೆ ಕಳಿಸಿ) ಕೊನೆಗೊಂದು ಸ್ಲ್ಯಾಶ್ ಸೇರಿದ್ದರೂ ಸಾಕು, ಲಿಂಕ್‌ಗಳು ಬೇರೆ ಫೋಲ್ಡರ್‌ಗೆ ಹೋಗಿಬಿಡುತ್ತವೆ. ಪುಟದಲ್ಲಿ ಆಧಾರ ವಿಳಾಸ ಹೇಳುವ 'ಬೇಸ್' ಟ್ಯಾಗ್ ಇದ್ದರೆ ಅದರದೇ ಮಾತು ನಡೆಯಬೇಕು. ಆದರೆ ಸೂಪ್ ಅದನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲ್‌ಟು, ಟೆಲ್, ಜಾವಾಸ್ಕ್ರಿಪ್ಟ್ ಎಂದು ಶುರುವಾಗುವವನ್ನು ಜರಡಿ ಹಿಡಿಯಿರಿ.

ಕನ್ನಡ ಪುಟದ ಅಕ್ಷರಗಳು ಕಲಸುಮೇಲೋಗರವಾದರೆ ಸೂಪನ್ನು ಬೈಯಬೇಡಿ. ಸರ್ವರ್ ಅಕ್ಷರಗಳ ಸಂಕೇತ ಪದ್ಧತಿಯಾದ ಚಾರ್‌ಸೆಟ್ ಹೇಳದಿದ್ದಾಗ ರಿಕ್ವೆಸ್ಟ್ಸ್ ತಾನೇ ಅದನ್ನು ಕನ್ನಡಕ್ಕಾಗದ ಐಎಸ್‌ಒ-8859-1 ಎಂದುಕೊಳ್ಳುತ್ತದೆ. ರೆಸ್ಪಾನ್ಸ್‌ನ ಟೆಕ್ಸ್ಟ್ ಬದಲು ಕಂಟೆಂಟ್ ಕೊಟ್ಟರೆ ಪುಟದೊಳಗಿನ ಮೆಟಾ ಟ್ಯಾಗ್ ನೋಡಿ ಸೂಪ್ ಸರಿಯಾಗಿ ಓದುತ್ತದೆ.

ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕಿನ ಗತಿ ಗೊತ್ತೇ ಇದೆ. ರಿಕ್ವೆಸ್ಟ್ಸ್‌ಗೆ ತನ್ನದೇ ಟೈಮ್‌ಔಟ್ ಇಲ್ಲ. ಸಿಗ್ನಲ್ ಹೋದರೆ ಸ್ಕ್ರಿಪ್ಟ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ಸಂಪರ್ಕಕ್ಕೆ 5, ಓದುವುದಕ್ಕೆ 30 ಸೆಕೆಂಡ್ ಎಂದು ಬೇರೆಬೇರೆಯಾಗಿ ಕೊಡಿ. ಪುಟಕ್ಕೊಮ್ಮೆ ಫಲಿತಾಂಶವನ್ನು ಫೈಲಿಗೆ ಬರೆಯಿರಿ, ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ.

ಬ್ರೌಸರ್‌ನಲ್ಲಿ ಕಾಣುವ ಲಿಂಕ್ ಇಲ್ಲಿ ಸಿಗದಿದ್ದರೆ 'ವ್ಯೂ ಸೋರ್ಸ್' ತೆರೆದು ಹುಡುಕಿ. ಅಲ್ಲೂ ಇಲ್ಲವೆಂದರೆ ಅದನ್ನು ಜಾವಾಸ್ಕ್ರಿಪ್ಟ್ ಆಮೇಲೆ ಸೇರಿಸಿದೆ. ಅದಕ್ಕೆ ಬ್ರೌಸರನ್ನೇ ಓಡಿಸುವ ಪ್ಲೇರೈಟ್ ಬೇಕು, ಸೂಪ್ ಆಗದು. ಸಾವಿರಾರು ಪುಟಗಳಿದ್ದರೆ ತಾಣ ಜಾಲಾಡುವುದಕ್ಕೇ ಇರುವ ಸ್ಕ್ರೇಪಿ ಮೇಲು. ಯಾವುದನ್ನೇ ಬಳಸಿ, ಮೊದಲು ಆ ತಾಣದ ರೋಬಾಟ್ಸ್ ಕಡತ (ಸ್ಕ್ರಿಪ್ಟ್‌ಗಳು ಯಾವ ಪುಟಗಳಿಗೆ ಬರಬಹುದೆಂಬ ಸೂಚನೆ) ಓದಿ, ಎರಡು ಪುಟಗಳ ನಡುವೆ ಒಂದೆರಡು ಸೆಕೆಂಡ್ ಬಿಡಿ.