ಸ್ಕ್ಯಾನರ್, ಮಲ್ಟಿಮೀಟರ್, ಎರಡು ಬಲ್ಬು: ಸೈಲೆನ್ಸರ್ ಸಿಡಿತ ಹಿಡಿದದ್ದು ಯಾವುದು?

ದೇವರಾಯನದುರ್ಗದ ಏರಿನಲ್ಲಿ ನನ್ನ ಕಾರಿನ ಎಂಜಿನ್ ಅರೆಕ್ಷಣ ಸತ್ತಂತಾಗಿ, ಸೈಲೆನ್ಸರ್ ‘ಢಬ್’ ಅನ್ನುತ್ತಿತ್ತು. ತುಮಕೂರಿಗೆ ಇಳಿದು ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಸದ್ದೇ ಇಲ್ಲ. ಒಬ್ಬರು ಪ್ಲಗ್ ಬದಲಿಸಿದರು, ಇನ್ನೊಬ್ಬರು ಕಿಡಿಗೆ ಬೇಕಾದ ಕರೆಂಟ್ ಕೊಡುವ ಕಾಯಿಲ್. ದುಡ್ಡು ಹೋಯಿತು, ಸಿಡಿತ ಉಳಿಯಿತು. ಸುಡದ ಪೆಟ್ರೋಲ್ ಹೀಗೆ ಹೊರಗೆ ಹೋಗುತ್ತಿದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ. ಆ ಭಯಕ್ಕೆ ನಾನೇ ಹುಡುಕಲು ಕೂತೆ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಪಿ0300 ತೋರಿಸಿತು: ಅಲ್ಲೊಂದು ಇಲ್ಲೊಂದು ಸಿಲಿಂಡರ್ ಮಿಸ್ಸಿಂಗ್, ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಎಲ್ಲಿ ತಪ್ಪಿದೆ ಅಂತ ಅದು ಹೇಳಲಿಲ್ಲ. ಆದರೂ ಉಪಕಾರವಾಯಿತು. ಒಂದೇ ಸಿಲಿಂಡರಿನದಾಗಿದ್ದರೆ ಪಿ0301, ಪಿ0302 ಹೀಗೆ ಬರಬೇಕಿತ್ತು. ಹಾಗಾಗಿ ಎಲ್ಲಕ್ಕೂ ಸೇರಿದ ವೈರಿನ ಮೇಲೆ ಅನುಮಾನ ಬಿತ್ತು.

ಮಲ್ಟಿಮೀಟರ್ ನನ್ನನ್ನು ದಾರಿ ತಪ್ಪಿಸಿತು. ಎಂಜಿನ್ ಆಫ್ ಮಾಡಿ ಮುಟ್ಟಿಸಿದಲ್ಲೆಲ್ಲ ‘ಬೀಪ್’, ಅಂದರೆ ವೈರು ಕಡಿದಿಲ್ಲ ಅಂತ. ಆದರೆ ಒಂದೇ ಎಳೆ ಉಳಿದ ವೈರೂ ಬೀಪ್ ಅನ್ನುತ್ತದೆ, ಕರೆಂಟ್ ಹೊರುವಾಗ ಸೋಲುತ್ತದೆ. ಅಂಕಿಯೂ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಬದಲಾಗುವುದು. ಅಷ್ಟರೊಳಗೆ ಕಡಿದು ಕೂಡಿದ್ದು ಕಾಣುವುದೇ ಇಲ್ಲ.

ಆಗ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು, “ಸಾರ್, ಮೀಟರ್ ಪಕ್ಕಕ್ಕಿಡಿ, ಎರಡು ಬಲ್ಬು ಕಟ್ಟಿ ಓಡ್ಸಿ ನೋಡಿ” ಅಂದರು. 12 ವೋಲ್ಟಿನ ಎರಡು ಸಣ್ಣ ಬಲ್ಬುಗಳಿಗೆ ಸಣ್ಣ ಫ್ಯೂಸ್ ಹಾಕಿ, ಒಂದನ್ನು ಕಾಯಿಲ್‌ಗೆ ಬರುವ ಸಪ್ಲೈಗೂ ಇನ್ನೊಂದನ್ನು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಸಪ್ಲೈಗೂ ಸೇರಿಸಿದೆವು. ಡ್ಯಾಶ್‌ಬೋರ್ಡಿಗೆ ಟೇಪ್ ಅಂಟಿಸಿ ಹೊರಟೆವು, ಬಲ್ಬಿನ ಮೇಲೆ ಕಣ್ಣಿಡಲು ಅವರು ಪಕ್ಕದಲ್ಲಿ. ಸೆನ್ಸರ್ ವೈರಿಗೆ ಮಾತ್ರ ಬಲ್ಬು ಕಟ್ಟಬಾರದು, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕೆಡಬಹುದು.

ಮೂರನೇ ತಿರುವಿನ ಗುಂಡಿಯಲ್ಲಿ ಕಾಯಿಲ್ ಬಲ್ಬು ಕಣ್ಣು ಮಿಟುಕಿಸಿತು, ಇಂಜೆಕ್ಟರಿನದು ಅಲುಗಲಿಲ್ಲ. ಹಿಂದೆಯೇ ‘ಢಬ್’. ಪೆಟ್ರೋಲ್ ಬರುತ್ತಿತ್ತು, ಕಿಡಿ ತಪ್ಪುತ್ತಿತ್ತು. ಸುಡದೆ ಹೋದದ್ದು ಬಿಸಿ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ಎರಡು ಬಲ್ಬೂ ಒಟ್ಟಿಗೆ ಮಿಟುಕಿದ್ದರೆ ಇಗ್ನಿಷನ್ ಸ್ವಿಚ್ ಬಿಚ್ಚುತ್ತಿದ್ದೆವು.

ಜಾಗ ಹಿಡಿಯಲು ಮತ್ತೆ ಮಲ್ಟಿಮೀಟರೇ ಬೇಕಾಯಿತು, ಈ ಸಲ ಎಂಜಿನ್ ಓಡುತ್ತಿರುವಾಗ. ಬ್ಯಾಟರಿ ಪ್ಲಸ್‌ಗೂ ಕಾಯಿಲ್ ಪ್ಲಸ್‌ಗೂ ಮುಟ್ಟಿಸಿಕೊಂಡು ವೈರನ್ನು ಒಂದೊಂದೇ ಕಡೆ ಅಲ್ಲಾಡಿಸಿದೆವು. ಬ್ಯಾಟರಿ ಟ್ರೇ ಪಕ್ಕದ ಕನೆಕ್ಟರ್ ಮುಟ್ಟಿದಾಗ 0.1 ವೋಲ್ಟ್ ಇದ್ದದ್ದು 1.8ಕ್ಕೆ ಜಿಗಿಯಿತು, ಅಂದರೆ ಅಷ್ಟು ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬಿಚ್ಚಿದರೆ ಪಿನ್ನಿನ ತುಂಬ ಹಸಿರು ಕಿಲುಬು.